ಕಂಠೀರವದ ಕಿರೀಟ, ಏಷ್ಯಾದ ಅಳತೆಗೋಲು

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ 2023ರ ಜುಲೈ 4ರ ರಾತ್ರಿ ಕುವೈತ್ ನಾಯಕ ಖಾಲಿದ್ ಹಜಿಯಾ ಒದ್ದ ಚೆಂಡನ್ನು ಭಾರತದ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ತಡೆದಾಗ, ದಕ್ಷಿಣ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಷಿಪ್ ಒಂಬತ್ತನೆಯ ಬಾರಿಗೆ ಭಾರತದ ಪಾಲಾಯಿತು. ನಿಗದಿತ 90 ನಿಮಿಷ, ಹೆಚ್ಚುವರಿ 30 ನಿಮಿಷಗಳ ಆಟ ಮುಗಿದಾಗ ಅಂಕ 1-1 ಆಗಿತ್ತು. ಪೆನಾಲ್ಟಿ ಶೂಟೌಟ್‌ನಲ್ಲಿ 5-4ರಿಂದ ತೀರ್ಪು ಬಂತು. ಹದಿನಾರು ದಿನಗಳ ನಂತರ ಪ್ರಕಟವಾದ ಫಿಫಾ ಪಟ್ಟಿಯಲ್ಲಿ ಭಾರತ 99ನೇ ಸ್ಥಾನದಲ್ಲಿತ್ತು. ಭಾರತದ ಕಾಲ್ಚೆಂಡಾಟ ಕೊನೆಗೂ ಮೈಕೊಡವಿ ಎದ್ದಿತೆಂಬ ಮಾತು ಆಗ ಎಲ್ಲೆಡೆ ಕೇಳಿಬಂದಿತ್ತು.

ಎರಡೂವರೆ ವರ್ಷ ತುಂಬುವ ಮೊದಲೇ, 2025ರ ನವೆಂಬರ್ ಪಟ್ಟಿಯಲ್ಲಿ ಅದೇ ಭಾರತ 142ನೇ ಸ್ಥಾನಕ್ಕೆ ಕುಸಿದಿತ್ತು. ಅಷ್ಟರಲ್ಲಿ 2026ರ ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದಿತ್ತು, ಸೌದಿ ಅರೇಬಿಯಾದ 2027ರ ಏಷ್ಯಾಕಪ್‌ಗೆ ಪ್ರವೇಶವನ್ನೂ ಕಳೆದುಕೊಂಡಿತ್ತು, ಮೂವರು ತರಬೇತುದಾರರನ್ನು ಕಂಡಿತ್ತು. ಬೆಂಗಳೂರಿನಲ್ಲಿ ಕಪ್ ಎತ್ತಿದ ಸುನಿಲ್ ಛೆಟ್ರಿ ಒಮ್ಮೆ ನಿವೃತ್ತಿ ಘೋಷಿಸಿ, ಮತ್ತೆ ಕರೆ ಬಂದು ಮರಳಿದ್ದೂ ಆಗಿತ್ತು. ಒಂದು ತಂಡ ಇಷ್ಟು ಅಲ್ಪಾವಧಿಯಲ್ಲಿ ಇಷ್ಟು ಹದಗೆಡುವುದು ಸಾಧ್ಯವೇ? ಅಥವಾ ಕಂಠೀರವದ ಆ ರಾತ್ರಿ ತಂಡದ ನಿಜವಾದ ಬಲವನ್ನು ತೋರಿಸಿರಲೇ ಇಲ್ಲವೇ? ಪಂದ್ಯಾವಳಿಯ ವಿವರಗಳನ್ನು ಮತ್ತೊಮ್ಮೆ ತೆರೆದು ನೋಡಿದರೆ ಎರಡನೆಯ ಉತ್ತರವೇ ಹೆಚ್ಚು ಸರಿಯೆನಿಸುತ್ತದೆ.

ಬಂದವರು, ಬಾರದವರು

ದಕ್ಷಿಣ ಏಷ್ಯಾದ ಈ ಪಂದ್ಯಾವಳಿ ಆರಂಭವಾದದ್ದು 1993ರಲ್ಲಿ, ಲಾಹೋರ್‌ನಲ್ಲಿ. ಆಗ ಅದರ ಹೆಸರು ಸಾರ್ಕ್ ಗೋಲ್ಡ್ ಕಪ್. ಆಡಿದ್ದು ನಾಲ್ಕೇ ದೇಶಗಳು. ಪ್ರಾದೇಶಿಕ ಸಹಕಾರದ ರಾಜಕೀಯ ಕನಸಿನ ಕೂಸಾಗಿ ಹುಟ್ಟಿದ ಈ ಸ್ಪರ್ಧೆ, ಆ ಕನಸು ಬಾಡಿದ ಮೇಲೂ ಉಳಿದುಕೊಂಡದ್ದು ವಿಶೇಷವೇ ಸರಿ. ಸಾರ್ಕ್ ನಾಯಕರ ಶೃಂಗಸಭೆ 2014ರ ಕಠ್ಮಂಡು ಸಭೆಯ ಬಳಿಕ ನಡೆದಿಲ್ಲ. ಫುಟ್‌ಬಾಲ್ ಮಾತ್ರ 2015ರ ಕೊನೆಯಲ್ಲಿ ತಿರುವನಂತಪುರದಲ್ಲಿ, 2018ರಲ್ಲಿ ಢಾಕಾದಲ್ಲಿ, 2021ರಲ್ಲಿ ಮಾಲೆಯಲ್ಲಿ, 2023ರಲ್ಲಿ ಬೆಂಗಳೂರಿನಲ್ಲಿ ನೆರೆಹೊರೆಯವರನ್ನು ಒಂದೆಡೆ ಸೇರಿಸಿತು.

ಈ 14 ಪಂದ್ಯಾವಳಿಗಳಲ್ಲಿ ಭಾರತ 9 ಬಾರಿ ಗೆದ್ದಿದೆ, 4 ಬಾರಿ ಎರಡನೆಯ ಸ್ಥಾನ ಪಡೆದಿದೆ. ಫೈನಲ್ ತಲುಪದೇ ಇದ್ದದ್ದು 2003ರಲ್ಲಿ ಮಾತ್ರ. ಆ ವರ್ಷ ಬಾಂಗ್ಲಾದೇಶ ತನ್ನ ನೆಲದಲ್ಲಿ ಚಾಂಪಿಯನ್ ಆಯಿತು. ಸುಮಾರು ಐದು ಲಕ್ಷ ಜನಸಂಖ್ಯೆಯ ಮಾಲ್ಡೀವ್ಸ್ 2008ರಲ್ಲೂ 2018ರಲ್ಲೂ ಭಾರತವನ್ನೇ ಮಣಿಸಿ ಕಪ್ ಒಯ್ದಿದೆ. ಆದರೂ ಒಟ್ಟಾರೆ ಲೆಕ್ಕದಲ್ಲಿ ಭಾರತದ್ದೇ ಮೇಲುಗೈ. ಗಮನಿಸಬೇಕಾದ ಸಂಗತಿಯೆಂದರೆ, ಈ ಸ್ಪರ್ಧೆಯನ್ನು ಭಾರತ ಒಂದೇ ತಕ್ಕಡಿಯಲ್ಲಿ ತೂಗಿಲ್ಲ. 2009ರಲ್ಲಿ 23 ವರ್ಷದೊಳಗಿನವರ ತಂಡವನ್ನು ಕಳುಹಿಸಿ ಗೆದ್ದಿತು. 2018ರಲ್ಲೂ ಬಹುಮಟ್ಟಿಗೆ ಅಂಥದೇ ತಂಡವನ್ನು ಕಳುಹಿಸಿ ಫೈನಲ್‌ನಲ್ಲಿ ಸೋತಿತು. ಸೋತಾಗ ಅದು ಕಿರಿಯರ ಕಲಿಕೆಯ ಕಣ, ಗೆದ್ದಾಗ ರಾಷ್ಟ್ರದ ಕಿರೀಟ ಎಂಬ ಈ ಅನುಕೂಲದ ವ್ಯಾಖ್ಯಾನ ನವದೆಹಲಿಯ ಫುಟ್‌ಬಾಲ್ ಆಡಳಿತಕ್ಕೆ ಹೊಸದಲ್ಲ.

ಬೆಂಗಳೂರಿನ ಪಂದ್ಯಾವಳಿಗೆ ಇಬ್ಬರು ಮುಖ್ಯ ನೆರೆಯವರು ಬರಲಿಲ್ಲ. 2003ರಿಂದ ಇಲ್ಲಿ ಆಡಿ 2013ರಲ್ಲಿ ಭಾರತವನ್ನೇ ಸೋಲಿಸಿ ಚಾಂಪಿಯನ್ ಆಗಿದ್ದ ಆಫ್ಘಾನಿಸ್ತಾನ, ಮಧ್ಯ ಏಷ್ಯಾದ ಒಕ್ಕೂಟಕ್ಕೆ ಹೋಗಿಯಾಗಿತ್ತು. ಶ್ರೀಲಂಕಾ 2023ರ ಜನವರಿಯಲ್ಲಿ ಫಿಫಾದಿಂದ ಅಮಾನತುಗೊಂಡಿತ್ತು. ತೆರವಾದ ಜಾಗಕ್ಕೆ ಪಶ್ಚಿಮ ಏಷ್ಯಾದ ಲೆಬನಾನ್ ಮತ್ತು ಕುವೈತ್ ತಂಡಗಳನ್ನು ಅತಿಥಿಗಳಾಗಿ ಕರೆಯಲಾಯಿತು. ಪಾಕಿಸ್ತಾನ ತಂಡದ ಬರವಂತೂ ಒಂದು ಪ್ರಹಸನ. ವೀಸಾ ವಿಳಂಬದಿಂದಾಗಿ ಮಾರಿಷಸ್‌ನಿಂದ ಮುಂಬೈ ಮೂಲಕ ಆ ತಂಡ ಬೆಂಗಳೂರಿಗೆ ಬಂದಿಳಿದದ್ದು ಭಾರತದ ವಿರುದ್ಧ ಆಡಬೇಕಿದ್ದ ದಿನವೇ. ಅಂದು ಛೆಟ್ರಿಯ ಮೂರು ಹಾಗೂ ಉದಾಂತ ಸಿಂಗ್‌ರ ಒಂದು ಗೋಲಿನೊಂದಿಗೆ ಭಾರತ 4-0ಯಿಂದ ಗೆದ್ದಿತು. ನಿದ್ರೆಗೆಟ್ಟು ಬಂದ ತಂಡವನ್ನು ಸೋಲಿಸಿದ್ದನ್ನು ಮಹಾ ವಿಜಯವೆಂದು ಬಣ್ಣಿಸುವವರೂ ಇದ್ದರು.

ಗೆಲುವಿನೊಳಗಿನ ಡ್ರಾಗಳು

ಮುಂದಿನ ಪಂದ್ಯದಲ್ಲಿ ನೇಪಾಳವನ್ನು ಭಾರತ 2-0ಯಿಂದ ಮಣಿಸಿತು. ಅಲ್ಲಿಗೆ ನಿಗದಿತ ಅವಧಿಯೊಳಗಿನ ಗೆಲುವುಗಳು ಮುಗಿದವು. ಕುವೈತ್ ವಿರುದ್ಧದ ಗುಂಪಿನ ಪಂದ್ಯದಲ್ಲಿ ಛೆಟ್ರಿ ಗೋಲಿನಿಂದ ಮುಂದಿದ್ದ ತಂಡ, ಕೊನೆಯ ಕ್ಷಣದಲ್ಲಿ ರಕ್ಷಣಾ ಆಟಗಾರ ಅನ್ವರ್ ಅಲಿ ಚೆಂಡನ್ನು ತಮ್ಮದೇ ಬಲೆಗೆ ಸೇರಿಸಿದ್ದರಿಂದ 1-1ಕ್ಕೆ ತೃಪ್ತಿಪಟ್ಟಿತು. ಸೆಮಿಫೈನಲ್‌ನಲ್ಲಿ ಲೆಬನಾನ್ ಜತೆ 120 ನಿಮಿಷ ಆಡಿದರೂ ಗೋಲು ಬರಲಿಲ್ಲ. ಶೂಟೌಟ್‌ನಲ್ಲಿ 4-2 ಅಂತರ ಸಿಕ್ಕಿತು. ಫೈನಲ್‌ನಲ್ಲಿ ಶಬೈಬ್ ಅಲ್ ಖಾಲ್ದಿ 14ನೇ ನಿಮಿಷದಲ್ಲಿ ಕುವೈತ್‌ಗೆ ಮುನ್ನಡೆ ತಂದಾಗ, ಸಹಲ್ ಅಬ್ದುಲ್ ಸಮದ್ ಕೊಟ್ಟ ಚೆಂಡನ್ನು 38ನೇ ನಿಮಿಷದಲ್ಲಿ ಲಾಲಿಯಾನ್‌ಜುವಾಲ ಛಾಂಗ್ಟೆ ಗುರಿ ಮುಟ್ಟಿಸಿ ಸಮ ಮಾಡಿದರು. ಶೂಟೌಟ್‌ನ ಮೊದಲ ಐದು ಒದೆತಗಳ ಬಳಿಕವೂ ಸಮವಾಗಿದ್ದಾಗ ನೌರೆಮ್ ಮಹೇಶ್ ಸಿಂಗ್ ಗೋಲು ಹೊಡೆದರು, ಹಜಿಯಾ ಸೋತರು.

ಅಂದರೆ ಹೊರಗಿನಿಂದ ಬಂದ ಎರಡು ತಂಡಗಳೊಡನೆ ಆಡಿದ ಮೂರು ಪಂದ್ಯಗಳಲ್ಲಿ ಒಂದನ್ನೂ ಭಾರತ ಆಟದ ಅವಧಿಯಲ್ಲಿ ಗೆದ್ದಿರಲಿಲ್ಲ. ಇದನ್ನು ಹೇಳುವುದು ಆಟಗಾರರ ಪರಿಶ್ರಮವನ್ನು ಹಳಿಯಲಿಕ್ಕಲ್ಲ. ಮೂರು ದಿನಗಳ ಅಂತರದಲ್ಲಿ ಎರಡು ಬಾರಿ 120 ನಿಮಿಷ ಓಡಿ, ಶೂಟೌಟ್‌ನ ಒತ್ತಡವನ್ನು ತಾಳಿಕೊಂಡದ್ದು ಸಣ್ಣ ಸಂಗತಿಯಲ್ಲ. ಅದೇ ಲೆಬನಾನ್ ತಂಡವನ್ನು ಜೂನ್ 18ರಂದು ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್ ಫೈನಲ್‌ನಲ್ಲಿ 2-0ಯಿಂದ ಸೋಲಿಸಿದ್ದೂ ನಿಜ. ಪಾಕಿಸ್ತಾನ ಮತ್ತು ಕುವೈತ್ ಪಂದ್ಯಗಳಲ್ಲಿ ಕೆಂಪು ಕಾರ್ಡ್ ಪಡೆದು ಕ್ರೊವೇಷಿಯಾದ ತರಬೇತುದಾರ ಇಗೋರ್ ಸ್ಟಿಮಾಚ್ ಸೆಮಿಫೈನಲ್, ಫೈನಲ್ ಎರಡಕ್ಕೂ ಮೈದಾನದ ಅಂಚಿಗೆ ಬರುವಂತಿರಲಿಲ್ಲ; ಸಹಾಯಕ ಮಹೇಶ್ ಗಾವ್ಳಿ ತಂಡವನ್ನು ನಡೆಸಿದರು. ಆದರೆ ಎದುರಾಳಿ ಯಾರೆಂಬುದನ್ನೂ ನೋಡಬೇಕು. ಕುವೈತ್ 1980ರ ಏಷ್ಯಾ ಚಾಂಪಿಯನ್, 1982ರ ವಿಶ್ವಕಪ್‌ನಲ್ಲಿ ಆಡಿದ ದೇಶ. ಆ ಹೆಸರಿಗೆ ತೂಕವಿತ್ತು. ಆದರೆ 2015ರಿಂದ 2017ರವರೆಗೆ ಫಿಫಾ ಅಮಾನತಿನಲ್ಲಿದ್ದು ಸೊರಗಿದ್ದ ಆ ತಂಡ, ಭಾರತ ಆಡಲಿದ್ದ ಮುಂದಿನ ಏಷ್ಯಾಕಪ್‌ಗೆ ಅರ್ಹತೆಯನ್ನೇ ಪಡೆದಿರಲಿಲ್ಲ.

ಪಟ್ಟಿಯ ಗಣಿತ

ಇನ್ನು 99 ಎಂಬ ಅಂಕಿಯ ಮಾತು. 2018ರಿಂದ ಫಿಫಾ ಅನುಸರಿಸುತ್ತಿರುವ ಪದ್ಧತಿಯಲ್ಲಿ ಪ್ರತಿ ಪಂದ್ಯಕ್ಕೂ ಒಂದು ತೂಕವಿದೆ. ನಿಗದಿತ ಅಂತರರಾಷ್ಟ್ರೀಯ ಅವಧಿಯ ಹೊರಗಿನ ಮೈತ್ರಿ ಪಂದ್ಯಕ್ಕೆ 5, ಒಳಗಿನದಕ್ಕೆ 10, ವಿಶ್ವಕಪ್ ಹಾಗೂ ಏಷ್ಯಾಕಪ್ ಅರ್ಹತಾ ಪಂದ್ಯಕ್ಕೆ 25, ಏಷ್ಯಾಕಪ್‌ನ ಗುಂಪಿನ ಪಂದ್ಯಕ್ಕೆ 35. ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್‌ಗೆ ಪ್ರತ್ಯೇಕ ತೂಕವೇನೂ ಇಲ್ಲ. ಅದು ಮೈತ್ರಿ ಪಂದ್ಯಗಳ ಸಾಲಿನಲ್ಲೇ ನಿಲ್ಲುತ್ತದೆ. ಸಮಬಲದ ತಂಡವನ್ನು 5ರ ತೂಕದ ಪಂದ್ಯದಲ್ಲಿ ಸೋಲಿಸಿದರೆ ಸಿಗುವುದು ಎರಡೂವರೆ ಅಂಕ, ಶೂಟೌಟ್‌ನಲ್ಲಿ ಗೆದ್ದರೆ ಅದರ ಅರ್ಧ. ಅದೇ ಸಮಬಲದ ತಂಡಕ್ಕೆ ಅರ್ಹತಾ ಪಂದ್ಯದಲ್ಲಿ ಸೋತರೆ ಹನ್ನೆರಡೂವರೆ ಅಂಕ ಹೋಗುತ್ತದೆ.

ಹೀಗಾಗಿ ತವರಿನಲ್ಲಿ ಒಂದರ ಹಿಂದೊಂದರಂತೆ ಸಣ್ಣ ಪಂದ್ಯಾವಳಿಗಳನ್ನು ಏರ್ಪಡಿಸಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಸಾಧ್ಯ. ಇಳಿಯುವಾಗ ಮಾತ್ರ ಇಡೀ ಮಹಡಿಯೇ ಕುಸಿದಂತಾಗುತ್ತದೆ. ಇಂಫಾಲದ ತ್ರಿಕೋನ ಸರಣಿ, ಭುವನೇಶ್ವರ, ಬೆಂಗಳೂರು, ಎಲ್ಲವೂ 2023ರ ಮಾರ್ಚ್‌ನಿಂದ ಜುಲೈವರೆಗಿನ ಹೀಗೊಂದು ಏರಿಕೆಯ ಮೆಟ್ಟಿಲುಗಳು. ಇದರಲ್ಲಿ ಮೋಸವೇನೂ ಇರಲಿಲ್ಲ. ಮೊದಲ ನೂರರೊಳಗೆ ಬಂದದ್ದರಿಂದ ವಿಶ್ವಕಪ್ ಅರ್ಹತಾ ಸುತ್ತಿನ ಡ್ರಾದಲ್ಲಿ ಭಾರತಕ್ಕೆ ಎರಡನೆಯ ಶ್ರೇಯಾಂಕದ ಸಾಲು ದೊರೆಯಿತು. ಕತಾರ್, ಕುವೈತ್, ಆಫ್ಘಾನಿಸ್ತಾನಗಳ ಗುಂಪು ಸಿಕ್ಕಿತು. ಮೂರನೆಯ ಸುತ್ತಿಗೆ ಮೊದಲ ಬಾರಿಗೆ ಕಾಲಿಡಲು ಇದಕ್ಕಿಂತ ಸುಲಭದ ದಾರಿ ಸಿಗುವುದು ಕಷ್ಟವಿತ್ತು.

2023ರ ನವೆಂಬರ್‌ನಲ್ಲಿ ಕುವೈತ್ ನಗರದಲ್ಲೇ ಮನ್ವೀರ್ ಸಿಂಗ್ ಗೋಲಿನಿಂದ 1-0 ಗೆದ್ದಾಗ ಆ ದಾರಿ ತೆರೆದಂತೆಯೇ ಕಂಡಿತು. ಬೆಂಗಳೂರಿನ ಗೆಲುವಿಗೆ ಸಮರ್ಥನೆ ಸಿಕ್ಕಿದ್ದು ಅದೊಂದೇ ಸಂಜೆ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾಕಪ್‌ನಲ್ಲಿ ಆಸ್ಟ್ರೇಲಿಯಾಕ್ಕೆ 0-2, ಉಜ್ಬೇಕಿಸ್ತಾನಕ್ಕೆ 0-3, ಸಿರಿಯಾಕ್ಕೆ 0-1ರಿಂದ ಸೋತು, ಒಂದು ಗೋಲನ್ನೂ ಗಳಿಸದೆ ತಂಡ ಮರಳಿತು. ಮಾರ್ಚ್‌ನಲ್ಲಿ ಆಫ್ಘಾನಿಸ್ತಾನದೊಡನೆ ಅಭಾದಲ್ಲಿ 0-0 ಡ್ರಾ, ಗುವಾಹಟಿಯಲ್ಲಿ 1-2 ಸೋಲು. ಜೂನ್ 6ರಂದು ಕೋಲ್ಕತ್ತದಲ್ಲಿ ಛೆಟ್ರಿಯ ವಿದಾಯದ ಪಂದ್ಯ ಕುವೈತ್ ವಿರುದ್ಧ 0-0. ಕೊನೆಗೆ ದೋಹಾದಲ್ಲಿ ಕತಾರ್ ಎದುರು, ಚೆಂಡು ಗೆರೆ ದಾಟಿದ ಮೇಲೂ ರೆಫರಿ ಮಾನ್ಯ ಮಾಡಿದ ಗೋಲಿನ ವಿವಾದದ ನಡುವೆ 1-2. ಆ ಅನ್ಯಾಯದ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಆದರೆ ಗುವಾಹಟಿಯಲ್ಲಿ ಕಳೆದುಕೊಂಡದ್ದನ್ನು ದೋಹಾದ ರೆಫರಿಯ ತಲೆಗೆ ಕಟ್ಟಲಾಗದು. ಕತಾರ್ ಜತೆ ಕುವೈತ್ ಮುಂದಿನ ಸುತ್ತಿಗೆ ಹೋಯಿತು. ಕಂಠೀರವದಲ್ಲಿ ಸೋತು ನಿಂತಿದ್ದ ತಂಡವದು.

ಎಂಟರಲ್ಲಿ ಐದು

ಈ ಎಲ್ಲ ಸೋಲು, ಡ್ರಾಗಳ ನಡುವೆ ಎದ್ದು ಕಾಣುವ ಕೊರತೆ ಗೋಲಿನದು. ಅದರ ಸುಳಿವು ಬೆಂಗಳೂರಿನಲ್ಲೇ ಇತ್ತು. 2023ರ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಆಟದ ಅವಧಿಯಲ್ಲಿ ಗಳಿಸಿದ್ದು 8 ಗೋಲು. ಅವುಗಳಲ್ಲಿ 5 ಛೆಟ್ರಿಯವು. ಎರಡು ವರ್ಷ ಹಿಂದೆ ಮಾಲೆಯಲ್ಲೂ ಭಾರತ 8 ಗೋಲು ಹೊಡೆದಿತ್ತು. ಅಲ್ಲೂ 5 ಛೆಟ್ರಿಯವೇ. ಬೆಂಗಳೂರಿನಲ್ಲಿ ಕಪ್ ಎತ್ತುವಾಗ ಅವರ ವಯಸ್ಸು 38. ಮೊದಲ ದರ್ಜೆಯ ಯಾವುದೇ ಫುಟ್‌ಬಾಲ್ ವ್ಯವಸ್ಥೆಯಲ್ಲಿ ಈ ಲೆಕ್ಕವನ್ನು ಎಚ್ಚರಿಕೆಯ ಗಂಟೆಯೆಂದು ಓದುತ್ತಿದ್ದರು. ಇಲ್ಲಿ ಅದನ್ನು ನಾಯಕನ ಪವಾಡವೆಂದು ಓದಲಾಯಿತು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಇಂಡಿಯನ್ ಸೂಪರ್ ಲೀಗ್‌ನ ಕ್ಲಬ್‌ಗಳು ಮೈದಾನದಲ್ಲಿ ಏಕಕಾಲಕ್ಕೆ ಆಡಿಸಬಹುದಾಗಿದ್ದ ನಾಲ್ವರು ವಿದೇಶಿಯರಲ್ಲಿ ಒಬ್ಬರನ್ನಾದರೂ ಗೋಲು ಹೊಡೆಯುವ ಜಾಗಕ್ಕೆ ಮೀಸಲಿಡುವುದು ರೂಢಿ. ಕ್ಲಬ್‌ನ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಹಣ ಹೂಡಿದವನಿಗೆ ಗೋಲು ಬೇಕು. ಆದರೆ ಭಾರತೀಯ ಯುವಕ ಪಕ್ಕದ ಅಂಚಿನಲ್ಲಿ ಓಡುತ್ತಲೇ ವಯಸ್ಸು ಕಳೆಯುತ್ತಾನೆ. ನಡುವೆ ನಿಂತು ಗೋಲು ಹೊಡೆಯುವ ಅಭ್ಯಾಸ ಅವನಿಗೆ ಸಿಗುವುದು ವರ್ಷಕ್ಕೆ ಹತ್ತಾರು ದಿನ, ಅದೂ ರಾಷ್ಟ್ರೀಯ ಶಿಬಿರದಲ್ಲಿ. 2024-25ರ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ ಪರ 14 ಗೋಲು ಹೊಡೆದ ಛೆಟ್ರಿಯನ್ನು 40ರ ವಯಸ್ಸಿನಲ್ಲಿ, 2025ರ ಮಾರ್ಚ್‌ನಲ್ಲಿ, ನಿವೃತ್ತಿಯಿಂದ ಮರಳಿ ಕರೆಯಬೇಕಾಗಿ ಬಂದದ್ದು ಈ ವ್ಯವಸ್ಥೆಯ ಮೇಲಿನ ಕಟು ಟಿಪ್ಪಣಿ. ಅವರಷ್ಟು ಗೋಲು ಹೊಡೆದ ಮತ್ತೊಬ್ಬ ಭಾರತೀಯ ಆ ಋತುವಿನಲ್ಲಿ ಇರಲಿಲ್ಲ.

ಶಿಬಿರದ ವಿಚಾರವೂ ಇದಕ್ಕೆ ಸೇರಿಕೊಂಡಿದೆ. 2023ರ ಬೇಸಿಗೆಯ ಗೆಲುವುಗಳಿಗೆ ಮೊದಲು ತಂಡ ಭುವನೇಶ್ವರದಲ್ಲಿ ವಾರಗಟ್ಟಲೆ ಒಟ್ಟಿಗಿತ್ತು. ಲೀಗ್‌ಗೆ ಬಿಡುವಿದ್ದ ಕಾಲ. ಏಷ್ಯಾಕಪ್‌ಗೆ ಮುನ್ನ ಅಂಥದೇ ದೀರ್ಘ ಶಿಬಿರ ಬೇಕೆಂದು ಸ್ಟಿಮಾಚ್ ಕೇಳಿದರೂ ಲೀಗ್ ಕ್ಯಾಲೆಂಡರ್ ಅವಕಾಶ ಕೊಡಲಿಲ್ಲ. ಕ್ಲಬ್‌ಗಳ ಆಟದಲ್ಲಿ ಪಳಗಿ ಬಂದ ಹನ್ನೊಂದು ಮಂದಿ ಎರಡು ವಾರದಲ್ಲಿ ತಂಡವಾಗುವುದು ಜಪಾನ್‌ಗೆ ಸಾಧ್ಯ. ಶಿಬಿರವೇ ಬಲವಾಗಿರುವ ತಂಡಕ್ಕೆ ಅದು ಕಷ್ಟ. ಸ್ಟಿಮಾಚ್‌ರ ಬಾಯಿ ಹರಿತ, ಆಯ್ಕೆಗಳು ಕೆಲವೊಮ್ಮೆ ವಿಚಿತ್ರ. ಆದರೂ ಈ ಒಂದು ಮಾತಿನಲ್ಲಿ ಅವರು ತಪ್ಪಿರಲಿಲ್ಲ. 2024ರ ಜೂನ್‌ನಲ್ಲಿ ಅವರನ್ನು ಕೈಬಿಡಲಾಯಿತು. ನಂತರ ಬಂದ ಸ್ಪೇನ್‌ನ ಮನೋಲೊ ಮಾರ್ಕೆಜ್ ಒಂದು ಋತುವಿನ ಕಾಲ ಎಫ್‌ಸಿ ಗೋವಾ ತಂಡದ ಹೊಣೆಯನ್ನೂ ಹೊತ್ತಿದ್ದರು. 140 ಕೋಟಿ ಜನರ ದೇಶದ ರಾಷ್ಟ್ರೀಯ ತಂಡಕ್ಕೆ ಅರೆಕಾಲಿಕ ತರಬೇತುದಾರ!

ನೆರೆಯವರು ನಿಂತಲ್ಲೇ ನಿಂತಿಲ್ಲ

2027ರ ಏಷ್ಯಾಕಪ್ ಅರ್ಹತಾ ಸುತ್ತಿನಲ್ಲಿ ಭಾರತಕ್ಕೆ ಅಗ್ರ ಶ್ರೇಯಾಂಕವಿತ್ತು. ಗುಂಪಿನಲ್ಲಿದ್ದವರು ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ಅರ್ಹತೆ ಕೈಯಲ್ಲೇ ಇದೆಯೆಂದು ಭಾವಿಸಿದ್ದವರೇ ಹೆಚ್ಚು. 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದೊಡನೆ 0-0. ಜೂನ್‌ನಲ್ಲಿ ಹಾಂಗ್‌ಕಾಂಗ್‌ಗೆ ಕೊನೆಯ ನಿಮಿಷಗಳ ಪೆನಾಲ್ಟಿಯಿಂದ 0-1 ಸೋಲು, ಮಾರ್ಕೆಜ್ ನಿರ್ಗಮನ. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ನೇಮಕವಾಗಿ, ಸೆಪ್ಟೆಂಬರ್‌ನಲ್ಲಿ ಮಧ್ಯ ಏಷ್ಯಾದ ನೇಷನ್ಸ್ ಕಪ್‌ನಲ್ಲಿ ಒಮಾನ್ ವಿರುದ್ಧ ಶೂಟೌಟ್‌ನಲ್ಲಿ ಗೆದ್ದು ತಂಡ ಮೂರನೆಯ ಸ್ಥಾನ ಪಡೆದಾಗ ಮತ್ತದೇ ಹರ್ಷೋದ್ಗಾರ. ಬೆಂಗಳೂರಿನ ಕಥೆಯ ಮರುಪ್ರದರ್ಶನದಂತಿತ್ತು ಅದು. ಅತಿಥಿಯ ಪಾತ್ರದಲ್ಲಿ ಈ ಬಾರಿ ಭಾರತವೇ ಇತ್ತು ಎಂಬುದಷ್ಟೇ ವ್ಯತ್ಯಾಸ. ಅಕ್ಟೋಬರ್‌ನಲ್ಲಿ ಸಿಂಗಪುರದಲ್ಲಿ 1-1, ಐದು ದಿನಗಳ ಬಳಿಕ ಮಡಗಾಂವ್‌ನಲ್ಲಿ 1-2. ಛಾಂಗ್ಟೆ ಮೊದಲು ಗೋಲು ಹೊಡೆದರೂ, ದಕ್ಷಿಣ ಕೊರಿಯಾದಲ್ಲಿ ಹುಟ್ಟಿ ಸಿಂಗಪುರದ ಪೌರತ್ವ ಪಡೆದ ಸಾಂಗ್ ಉಯ್-ಯಂಗ್ ಎರಡು ಗೋಲುಗಳಿಂದ ಭಾರತದ ಬಾಗಿಲು ಮುಚ್ಚಿದರು.

ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ 1-0ಯಿಂದ ಗೆದ್ದಿತು. ಅದು ಭಾರತದ ವಿರುದ್ಧ 2003ರ ನಂತರ ಬಾಂಗ್ಲಾದೇಶಕ್ಕೆ ದೊರೆತ ಮೊದಲ ಜಯ. ಇಂಗ್ಲೆಂಡಿನಲ್ಲಿ ಹುಟ್ಟಿ ಲೆಸ್ಟರ್ ಸಿಟಿಗೆ ಆಡಿದ ಹಮ್ಜಾ ಚೌಧರಿ ತಾಯಿಯ ನಾಡಿನ ಪರ ಆಡಲು ಬಂದ ವರ್ಷವೇ ಈ ತಿರುವು ಸಂಭವಿಸಿತು. ಭಾರತದ ಕಾನೂನು ದ್ವಿಪೌರತ್ವವನ್ನು ಒಪ್ಪುವುದಿಲ್ಲ. ಆದ್ದರಿಂದ ಆ ದಾರಿ ಇಲ್ಲಿ ಕಿರಿದು. ಬೆಂಗಳೂರು ಎಫ್‌ಸಿಯ ರಯನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವವನ್ನೇ ತ್ಯಜಿಸಿ ಭಾರತದ ಪಾಸ್‌ಪೋರ್ಟ್ ಪಡೆದದ್ದು ಆ ನವೆಂಬರ್‌ನಲ್ಲೇ, ಆದರೆ ಢಾಕಾದಲ್ಲಿ ಅವರು ಆಡಲಾಗಲಿಲ್ಲ. ಮಹಿಳೆಯರ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಂತೂ ಬದಲಾವಣೆ ಇನ್ನೂ ಮೊದಲೇ ಕಂಡಿತ್ತು: ಮೊದಲ ಐದು ಕಪ್ ಭಾರತದ್ದು, 2022 ಮತ್ತು 2024ರವು ಬಾಂಗ್ಲಾದೇಶದ್ದು.

ಪ್ರಾದೇಶಿಕ ಕಪ್ ಎಂದಮಾತ್ರಕ್ಕೆ ಅದು ನಿಷ್ಪ್ರಯೋಜಕವೆಂದು ಹೇಳುವುದು ಸರಿಯಾಗದು. ಆಗ್ನೇಯ ಏಷ್ಯಾದ ಆಸಿಯಾನ್ ಚಾಂಪಿಯನ್‌ಷಿಪ್ 1996ರಿಂದ ನಡೆಯುತ್ತಿದೆ. 2018ರಲ್ಲಿ ಅದನ್ನು ಗೆದ್ದ ವಿಯೆಟ್ನಾಂ, ಮುಂದಿನ ತಿಂಗಳೇ ಏಷ್ಯಾಕಪ್‌ನ ಕ್ವಾರ್ಟರ್‌ಫೈನಲ್ ತಲುಪಿತು, 2022ರ ವಿಶ್ವಕಪ್ ಅರ್ಹತೆಯ ಅಂತಿಮ ಸುತ್ತಿಗೂ ಏರಿತು. ಅಲ್ಲಿ ಪಂದ್ಯಗಳು ತವರಿನಲ್ಲಿ ಒಂದು, ಎದುರಾಳಿಯ ನೆಲದಲ್ಲಿ ಒಂದು ಎಂಬ ಕ್ರಮಕ್ಕೆ ಬಂದಿವೆ. ಹನೋಯ್‌ನ ತಂಡ ಬ್ಯಾಂಕಾಕ್‌ನ ಗದ್ದಲದಲ್ಲಿ ಆಡಿ ಕಲಿಯುತ್ತದೆ. ದಕ್ಷಿಣ ಏಷ್ಯಾದ ಒಕ್ಕೂಟವೂ 2025ಕ್ಕೆ ಇಂಥದೇ ಮಾದರಿಯನ್ನು ಆಲೋಚಿಸಿತ್ತು. ಆಮೇಲೆ ಪಂದ್ಯಾವಳಿಯನ್ನೇ 2026ಕ್ಕೆ ಮುಂದೂಡಿತು. ಭಾರತ ಮತ್ತು ಪಾಕಿಸ್ತಾನ ಪರಸ್ಪರರ ನೆಲದಲ್ಲಿ ಆಡಬೇಕಾದ ಮಾದರಿ ಇಂದಿನ ಸ್ಥಿತಿಯಲ್ಲಿ ಎಷ್ಟು ದೂರದ ಮಾತೆಂಬುದನ್ನು ವಿವರಿಸಬೇಕಿಲ್ಲ. ದ್ವಿಪಕ್ಷೀಯ ಪಂದ್ಯಗಳಿಲ್ಲ, ಬಹುರಾಷ್ಟ್ರೀಯ ಸ್ಪರ್ಧೆಗಳಿಗೆ ಅಡ್ಡಿಯಿಲ್ಲ ಎಂಬುದು 2025ರ ಆಗಸ್ಟ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಪ್ರಕಟಿಸಿದ ನಿಲುವು.

ಬೆಂಗಳೂರು ಕಂಡದ್ದು

ಆ ಹದಿನಾಲ್ಕು ದಿನಗಳಲ್ಲಿ ಬೆಂಗಳೂರು ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿತೆನ್ನಬೇಕು. ಕ್ರಿಕೆಟ್‌ನ ಊರೆಂದು ಹೆಸರಾದ ನಗರದಲ್ಲಿ, ಭಾರತ ಮತ್ತು ಪಾಕಿಸ್ತಾನದ ನಡುವಿನ ಬುಧವಾರ ಸಂಜೆಯ ಪಂದ್ಯಕ್ಕೂ ಮಂಗಳವಾರ ರಾತ್ರಿಯ ಫೈನಲ್‌ಗೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕಂಠೀರವಕ್ಕೆ ಬಂದರು. ಅಥ್ಲೆಟಿಕ್ಸ್‌ಗಾಗಿ ಕಟ್ಟಿದ, ಪ್ರೇಕ್ಷಕನಿಗೂ ಆಟಕ್ಕೂ ನಡುವೆ ಓಟದ ಪಥ ಹಾದುಹೋಗುವ ಕ್ರೀಡಾಂಗಣವದು. ಈ ಊರಿಗೆ ಆ ಉತ್ಸಾಹ ಹೊಸದೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ಪಂದ್ಯವನ್ನು 1-2ರಿಂದ ಸೋಲಲು ಕಾರಣವಾದದ್ದು ಕೈಚೆಲ್ಲಿದ ಎರಡು ಪೆನಾಲ್ಟಿಗಳು ಎಂಬುದು ಕಂಠೀರವದ ಶೂಟೌಟ್ ನೋಡಿದವರಿಗೆ ನೆನಪಿಗೆ ಬರಬಹುದಾದ ಸಂಗತಿ. ಅಹ್ಮದ್ ಖಾನ್, ಕೆಂಪಯ್ಯ ಇದೇ ನೆಲದಿಂದ ಒಲಿಂಪಿಕ್ಸ್‌ಗೆ ಹೋದವರು. ಮೈಸೂರು ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 54 ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ತಂದಿತು. ನಾಲ್ಕೇ ತಿಂಗಳ ಅಂತರದ ಈ ಎರಡು ಗೆಲುವುಗಳಲ್ಲಿ ನಗರದ ಬೀದಿಗೆ ಹೆಚ್ಚು ಹತ್ತಿರವಾದದ್ದು ರಿಯಾದ್‌ನದು, ಸುದ್ದಿಯಾದದ್ದು ಕಂಠೀರವದ್ದು.

ಫೈನಲ್ ಮುಗಿದ ಮೇಲೆ ನಡೆದ ಇನ್ನೊಂದು ಘಟನೆ ಅಂದಿನ ಸಂಭ್ರಮದಲ್ಲಿ ವಿವಾದವಾಗಿ ಮಾತ್ರ ಉಳಿಯಿತು. ಮಧ್ಯಮ ಸಾಲಿನ ಆಟಗಾರ ಜೀಕ್ಸನ್ ಸಿಂಗ್ ಪದಕ ಪಡೆಯಲು ಬಂದದ್ದು ಮೈತೇಯಿ ಸಮುದಾಯದ ಏಳು ಬಣ್ಣಗಳ ಬಾವುಟ ಹೊದ್ದು. ಮಣಿಪುರ ಆಗ ಎರಡು ತಿಂಗಳಿನಿಂದ ಹೊತ್ತಿ ಉರಿಯುತ್ತಿತ್ತು. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿರಲಿಲ್ಲ, ತವರಿನ ಸಂಕಟದತ್ತ ಗಮನ ಸೆಳೆಯುವುದಷ್ಟೇ ಇತ್ತೆಂದು ಅವರು ಬಳಿಕ ಸ್ಪಷ್ಟಪಡಿಸಿದರು. 2017ರಲ್ಲಿ ಭಾರತ ಆತಿಥ್ಯ ವಹಿಸಿದ್ದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ದೇಶದ ಏಕೈಕ ಗೋಲು ಹೊಡೆದವರು ಇದೇ ಜೀಕ್ಸನ್. ಉದಾಂತ, ಮಹೇಶ್, ಸುರೇಶ್ ಸಿಂಗ್ ಕೂಡ ಅದೇ ಪುಟ್ಟ ರಾಜ್ಯದವರು. ಭಾರತದ ಫುಟ್‌ಬಾಲ್‌ಗೆ ಇಷ್ಟು ಆಟಗಾರರನ್ನು ಕೊಟ್ಟ ಮಣಿಪುರದಲ್ಲಿ ಆ ವರ್ಷ ಎಷ್ಟು ಮೈದಾನಗಳು ಬರಿದಾಗಿದ್ದಿರಬಹುದೆಂಬ ಪ್ರಶ್ನೆಯನ್ನು ಕಪ್‌ನ ಮೆರುಗಿನಲ್ಲಿ ಯಾರೂ ಎತ್ತಲಿಲ್ಲ.

ಆಡಳಿತದ ಪಾಲು

2022ರ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನು ಕೆಲ ದಿನ ಅಮಾನತಿನಲ್ಲಿಟ್ಟಿತ್ತು. ಅಮಾನತು ತೆರವಾದ ಬಳಿಕ ನಡೆದ ಚುನಾವಣೆಯಲ್ಲಿ ಕಲ್ಯಾಣ್ ಚೌಬೆ ಮಾಜಿ ನಾಯಕ ಬೈಚುಂಗ್ ಭುಟಿಯಾರನ್ನು 33-1 ಮತಗಳಿಂದ ಸೋಲಿಸಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷರಾದರು. 2047ರ ವೇಳೆಗೆ ಏಷ್ಯಾದ ಮೊದಲ ನಾಲ್ಕರೊಳಗೆ ಬರುವ ಗುರಿಯ ನೀಲನಕ್ಷೆಯೊಂದು 2023ರ ಜನವರಿಯಲ್ಲಿ ಬಿಡುಗಡೆಯಾಯಿತು. ಕಾಲು ಶತಮಾನದ ಯೋಜನೆ ಬರೆದ ಸಂಸ್ಥೆಗೆ, ತನ್ನ ಪ್ರಧಾನ ಲೀಗ್‌ನ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಲಿದೆಯೆಂಬುದು 2010ರಲ್ಲಿ ಸಹಿ ಬಿದ್ದ ದಿನದಿಂದಲೇ ಗೊತ್ತಿತ್ತು. ಆದರೂ 2025ರ ಜುಲೈನಲ್ಲಿ ಲೀಗ್ ಸ್ಥಗಿತಗೊಂಡಿತು. ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನೇ ತಡೆಹಿಡಿಯಿತು. ಅಕ್ಟೋಬರ್‌ನಲ್ಲಿ ಕರೆದ ಟೆಂಡರ್‌ಗೆ ಒಂದೂ ಬಿಡ್ ಬರಲಿಲ್ಲ. ಮಡಗಾಂವ್ ಮತ್ತು ಢಾಕಾದಲ್ಲಿ ಭಾರತ ಸೋತದ್ದು ಇದೇ ತಿಂಗಳುಗಳಲ್ಲಿ. ಆಡಿದವರಲ್ಲಿ ಹಲವರಿಗೆ ವಾರಕ್ಕೊಂದು ಲೀಗ್ ಪಂದ್ಯವೂ ಇರಲಿಲ್ಲ. ಕೊನೆಗೆ 2026ರ ಫೆಬ್ರುವರಿ 14ರಂದು 14 ತಂಡಗಳ ಮೊಟಕಾದ ಋತು ಆರಂಭವಾಯಿತು.

ಇತ್ತ ಏಷ್ಯಾದ ಇತರೆಡೆ ಚಿತ್ರ ಬೇರೆಯೇ ಇತ್ತು. ವಿಶ್ವಕಪ್ 48 ತಂಡಗಳಿಗೆ ಹಿಗ್ಗಿ, ಏಷ್ಯಾಕ್ಕೆ 8 ನೇರ ಸ್ಥಾನಗಳು ದೊರೆತಾಗ ಆ ಹೊಸ ಬಾಗಿಲಿನಿಂದ ಮೊದಲ ಬಾರಿಗೆ ಒಳಹೊಕ್ಕವರು ಜೋರ್ಡಾನ್ ಮತ್ತು ಉಜ್ಬೇಕಿಸ್ತಾನ. ಉಜ್ಬೇಕಿಸ್ತಾನ 2023ರಲ್ಲಿ ಏಷ್ಯಾದ 20 ವರ್ಷದೊಳಗಿನವರ, 2025ರಲ್ಲಿ 17 ವರ್ಷದೊಳಗಿನವರ ಚಾಂಪಿಯನ್. ಅವರ ಏರಿಕೆ ಬಾಲಕರ ತಂಡಗಳಿಂದ ಮೇಲಕ್ಕೆ ಬಂದದ್ದು. ಏಷ್ಯಾಕಪ್‌ನಲ್ಲಿ ಭಾರತದ ವಿರುದ್ಧ ಅವರು ಗಳಿಸಿದ ಮೂರೂ ಗೋಲು ಮೊದಲಾರ್ಧದಲ್ಲೇ ಬಂದಿದ್ದವು. ಎರಡನೆಯ ಅರ್ಧದಲ್ಲಿ ಅವರು ಹೆಚ್ಚು ಓಡುವ ಗೋಜಿಗೆ ಹೋಗಲಿಲ್ಲ.

2015ರಲ್ಲಿ ಭಾರತ 173ನೇ ಸ್ಥಾನಕ್ಕೂ ಇಳಿದಿತ್ತು, ಅಲ್ಲಿಂದ ಏರಿಯೂ ಬಂದಿತ್ತು. ಆದ್ದರಿಂದ 142 ಎಂಬುದು ಪಾತಾಳವೇನಲ್ಲ. ಮುಂದೂಡಿದ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ ನಡೆದಾಗ ಹತ್ತನೆಯ ಕಪ್ ಗೆಲ್ಲುವ ಸಾಮರ್ಥ್ಯ ಈ ತಂಡಕ್ಕೆ ಇಂದಿಗೂ ಇದೆ. ಆ ಪಂದ್ಯಗಳಿಗೂ ಫಿಫಾ ಪಟ್ಟಿಯಲ್ಲಿ ಮೈತ್ರಿ ಪಂದ್ಯದ ತೂಕವೇ ಇರುತ್ತದೆ.